ನಮ್ಮ ಬಾಗಿಲ ಮುಂದೆ ಕ್ಯಾರಲ್

ಕ್ರಿಸ್‌ಮಸ್ ಹತ್ತಿರ ಬಂದಾಗ ಮನೆಮನೆಗೆ ಹೋಗಿ ಹಾಡುವುದಕ್ಕೆ ಎಲ್ಲರಂತೆ ನಾವೂ ಕ್ಯಾರಲ್ ಎನ್ನುತ್ತೇವೆ. ಆದರೆ ಧಾರವಾಡದ ಕಡೆಯ ನಮ್ಮ ಹಿರಿಯರು ರೈಲ್ವೆ ನೌಕರಿಗೆಂದು ಪುಣೆ ಹತ್ತಿರದ ದೌಂಡಕ್ಕೆ ಬರುವಾಗ ತಂದ ಹಾಡುಗಳು ಅರ್ಧ ಪರದೇಶದವು, ಅರ್ಧ ನಮ್ಮವು. ಪಾದ್ರಿಗಳು ಹಡಗಿನಲ್ಲಿ ತಂದ ಧಾಟಿಗೆ ನಮ್ಮವರು ಕನ್ನಡದ ಮಾತು ಕೂಡಿಸಿದರು. ಅಷ್ಟಕ್ಕೇ ಬಿಡದೆ ಭಜನೆಯ ಧಾಟಿಯಲ್ಲಿ ತಮ್ಮವೇ ಹಾಡು ಕಟ್ಟಿ ಢೋಲಕ್ಕು, ತಾಳ ಸೇರಿಸಿದರು.

ಅವರಿಂದ ಒಂದು ರೂಢಿಯೂ ಬಂತು. ಹಾಡುವವರು ಬಾಗಿಲು ಬಡಿಯುವುದಿಲ್ಲ. ಮನೆಯವರು ದೀಪ ಆರಿಸಿ ಒಳಗೆ ನಿಂತು ಕೇಳಬೇಕು. ಕೊನೆಯ ಚರಣಕ್ಕೆ ದೀಪ ಹಚ್ಚಿ ಬಾಗಿಲು ತೆರೆಯಬೇಕು. ಪುಣೆಯ ವಾಕಡದ ಫ್ಲ್ಯಾಟಿಗೆ ಬಂದ ಮೇಲೂ ನಾವು ಇದನ್ನು ಬಿಡಲಿಲ್ಲ. ನನ್ನ ಗಂಡ ಹೊರಗೆ ಢೋಲಕ್ ಬಾರಿಸುತ್ತಿದ್ದರು, ನಾನು ಒಳಗೆ ಕತ್ತಲಲ್ಲಿ ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದೆ. ಒಮ್ಮೆ ಚಹಾ ಉಕ್ಕೀತೆಂಬ ಗಡಿಬಿಡಿಯಲ್ಲಿ ಎರಡನೆಯ ಚರಣಕ್ಕೇ ತೆರೆದುಬಿಟ್ಟೆ. "ಇಷ್ಟ ಅವಸರ ಏನಿತ್ತ ನಿನಗ? ಹಾಡರೆ ಮುಗೀಲಿ!" ಎಂದು ವರ್ಷವಿಡೀ ಕಾಡಿದರು.

ಕಳೆದ ಮಳೆಗಾಲದಲ್ಲಿ ಅವರು ಹೋದರು.

ಸಾವಾದ ಮನೆಯ ಮುಂದೆ ಆ ವರ್ಷ ಕ್ಯಾರಲ್ ಹಾಡುವುದಿಲ್ಲ, ಇದೂ ರೂಢಿಯೇ. ಡಿಸೆಂಬರಿನಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಬಂದು ಮೆಲ್ಲಗೆ ಹೇಳಿದರು: "ಈ ವರ್ಷ ನಿಮ್ಮ ಮನಿ ಬಿಡತೇವ್ರಿ ಅಕ್ಕಾರ. ತಪ್ಪ ತಿಳ್ಕೋಬ್ಯಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಢೋಲಕ್ ಬಾರಸೋರು ಹೋಗ್ಯಾರ, ಹಾಡ ಹೋಗಿಲ್ರಿ. ಹುಟ್ಟಿದ ಸುದ್ದಿ ಹೇಳಾಕ ಹೊಂಟವರು ಅಳೋ ಮನಿ ದಾಟಿ ಹೋದ್ರ ಮತ್ಯಾರಿಗೆ ಹೇಳತೀರಿ?"

ಅವರು ಚಹಾದ ಕಪ್ಪು ಕೆಳಗಿಟ್ಟರು. "ಒಬ್ಬರ ಕತ್ತಲದಾಗ ಹೆಂಗ ನಿಂದರತೀರಿ?"

"ನಿಂದ್ರಂಗಿಲ್ಲ. ನಿಮ್ಮ ಜೋಡಿ ಹಾಡಾಕ ಬರತೇನಿ."

ನನ್ನ ಹಟ ಊರಿಗೆಲ್ಲ ಗೊತ್ತು. ಅವರು ಒಪ್ಪಿದರು.

ಆ ಸಂಜೆ ಕರ್ಚಿಕಾಯಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ದೀಪ ಆರಿಸಿ, ಬೀಗ ಹಾಕಿ ಹೊರಟೆ. ಬೆಂಗಳೂರಿನಿಂದ ಬಂದು ಐಟಿಯಲ್ಲಿರುವ ಹುಡುಗಿಯೊಬ್ಬಳು ಢೋಲಕ್ ಹಿಡಿದಿದ್ದಳು. "ತಾಳ ತಪ್ಪಿದ್ರೆ ಸಾರಿ ಆಂಟಿ" ಎಂದಳು. "ತಪ್ಪಲಿ, ನಿಲ್ಲಸಬ್ಯಾಡ" ಎಂದೆ. ಉಳಿದ ಮನೆಗಳನ್ನು ಮುಗಿಸಿ ಕೊನೆಗೆ ಲಿಫ್ಟ್ ಹತ್ತಿ ನಮ್ಮ ಮಹಡಿಗೆ ಬಂದೆವು.

ನಮ್ಮ ಬಾಗಿಲಿನ ಹೊರಗೆ ನಿಂತು ನಾನು ಹಾಡಿದ್ದು ಅದೇ ಮೊದಲು. ನನ್ನ ಗಂಡ ಪ್ರತಿ ವರ್ಷ ನೋಡುತ್ತಿದ್ದದ್ದು ಈ ಮುಚ್ಚಿದ ಬಾಗಿಲನ್ನೇ ಎಂದು ಆಗ ಹೊಳೆಯಿತು. ಎರಡನೆಯ ಚರಣದಲ್ಲಿ ನನ್ನ ಹಾಡು ನಿಂತಿತು. ರೂಢಿಯ ಮಾತೆತ್ತಿದ್ದ ಹಿರಿಯರೇ ದನಿಯೇರಿಸಿ ಹಾಡನ್ನು ಹಿಡಿದುಕೊಂಡರು. ನಾನು ಮತ್ತೆ ಸೇರಿದೆ. ಬೀಗದ ಕೈ ನನ್ನ ಮುಷ್ಟಿಯಲ್ಲಿತ್ತು.

ಕೊನೆಯ ಚರಣ ಬಂತು. ಬಾಗಿಲು ತೆರೆಯುವ ಹೊತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕದಲಲಿಲ್ಲ. ಹಾಡು ಪೂರ್ತಿ ಮುಗಿದ ಮೇಲೆ ಬೀಗ ತೆಗೆದು, ಒಳಗೆ ಹೋಗಿ ದೀಪ ಹಚ್ಚಿದೆ. ತಿರುಗಿ ಬಂದು ಹೊಸ್ತಿಲಲ್ಲಿ ನಿಂತೆ.

"ಬರ್ರಿ ಒಳಗ" ಎಂದೆ. "ಅವಸರ ಏನಿಲ್ಲ."