ಟಿಕೆಟ್ ಕೊಂಡ ಮೊಟ್ಟೆಗಳು

ನಮ್ಮ ಬೀದಿಯಲ್ಲಿ ಒಡೆಯುವಂಥ ಏನನ್ನಾದರೂ ದೂರಕ್ಕೆ ಕಳಿಸಬೇಕಾದವರು ಮೊದಲು ಗೆಂಚೊನ ಬಾಗಿಲು ತಟ್ಟುತ್ತಿದ್ದರು. ಶೂಮೆನ್ ಪಟ್ಟಣದ ಕನ್ನಡಿ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಕನ್ನಡಿಗಳನ್ನು ಪೆಟ್ಟಿಗೆಗೆ ತುಂಬಿದವನು ಅವನು. ನಿವೃತ್ತನಾದ ಮೇಲೆ ಕನ್ನಡಿಯ ಜಾಗಕ್ಕೆ ಮೊಟ್ಟೆ ಬಂತು. ತಿನ್ನುವ ಮೊಟ್ಟೆಯಲ್ಲ, ಕಾವಿಗಿಟ್ಟು ಮರಿ ಮಾಡಿಸುವ ಮೊಟ್ಟೆ. ಅವನ ಕರಿಕೋಳಿಗಳ ತಳಿ ಬೇಕೆಂದು ಎಲ್ಲೆಲ್ಲಿಂದಲೋ ಜನ ಕೇಳುತ್ತಿದ್ದರು. ಇವನು ಕಟ್ಟಿ ಕಳಿಸುತ್ತಿದ್ದ. ಒಂದು ಮೊಟ್ಟೆ ಒಡೆದ ಸುದ್ದಿ ಬಂದರೂ ಎರಡು ದಿನ ಊಟ ಬಿಡುವಂಥ ಮನುಷ್ಯ. ನಾನು ಒಮ್ಮೆ ಅತ್ತಿಗೆಯ ಮನೆಗೆ ಗಾಜಿನ ಲೋಟಗಳನ್ನು ನಾನೇ ಕಟ್ಟಿ ಕಳಿಸಿದ್ದೆ. ಅವು ಮರಳಿನಂತೆ ತಲುಪಿದ್ದವು. ಅಂದಿನಿಂದ ಅವನು ನನ್ನ ಕೈಗೆ ದಾರದ ಉಂಡೆಯನ್ನು ಕೂಡ ಕೊಡುತ್ತಿರಲಿಲ್ಲ.

ಆ ಕೋಳಿಗಳು ನಿಜವಾಗಿ ಅವನವಲ್ಲ, ಹೆಂಡತಿ ದೇನಾಳವು. ಮದುವೆಯಾಗಿ ಬರುವಾಗ ಅವಳ ತಾಯಿ ಒಂದು ಹುಂಜ, ಎರಡು ಹೇಟೆಗಳನ್ನು ಬುಟ್ಟಿಯಲ್ಲಿಟ್ಟು ಜೊತೆಗೆ ಕಳಿಸಿದ್ದಳಂತೆ. ಕಪ್ಪೆಂದರೆ ಕಪ್ಪು, ಬಿಸಿಲು ಬಿದ್ದರೆ ಜೀರುಂಡೆಯ ಬೆನ್ನಿನ ಹಾಗೆ ಹಸಿರು ಮಿಂಚುವ ಕಪ್ಪು. ಮೊಟ್ಟೆ ಮಾತ್ರ ಹಾಲಿನಂತೆ ಬಿಳಿ. ಕೊಟ್ಟ ಕಡೆಯಲ್ಲೆಲ್ಲ ಜನ ಬೇರೆ ಹುಂಜಗಳ ಜೊತೆ ಬೆರೆಸಿ, ಎರಡೇ ವರ್ಷದಲ್ಲಿ ಕಂದು, ಬೂದು, ಚುಕ್ಕೆ ಎಲ್ಲ ಮಾಡಿಬಿಟ್ಟರು. ಬೆರಕೆಯಾಗದೆ ಉಳಿದದ್ದು ಗೆಂಚೊನ ಅಂಗಳದಲ್ಲಿ ಮಾತ್ರ. ದೇನಾ ತೀರಿಕೊಂಡ ಮೇಲೆ ಅವನು ಆ ಕೋಳಿಗಳ ಜೊತೆ ಮಾತಾಡುವುದು ನಮ್ಮ ಬೇಲಿಯಾಚೆಗೆ ಕೇಳಿಸುತ್ತಿತ್ತು. ಮೊದಲು ಹೆಂಡತಿಯ ಜೊತೆ ಜಗಳವಾಡುತ್ತಿದ್ದ ವಿಷಯಗಳಿಗೇ ಈಗ ಕೋಳಿಗಳ ಜೊತೆ ಜಗಳವಾಡುತ್ತಿದ್ದ. ಅವೂ ಅವಳ ಹಾಗೆ ಒಪ್ಪುತ್ತಿರಲಿಲ್ಲ.

ಆ ವರ್ಷ ಈಸ್ಟರ್‌ಗೆ ವಾರವಿರುವಾಗ ನರಿ ಬಂತು. ಗೂಡಿನ ತಗಡಿನ ಕೆಳಗೆ ಮಣ್ಣು ತೋಡಿ ಒಳಹೊಕ್ಕು, ಒಂದನ್ನು ಎತ್ತಿಕೊಂಡು ಹೋಗಿ, ಉಳಿದವನ್ನೆಲ್ಲ ಕೊಂದು ಹಾಕಿತ್ತು. ಬೆಳಿಗ್ಗೆ ನಾನು ಹೋದಾಗ ಗೆಂಚೊ ಹುಂಜದ ಕಾಲು ಹಿಡಿದುಕೊಂಡು ನಿಂತಿದ್ದ.

"ಗೆಂಚಣ್ಣ, ಮುಗೀತಾ?" ಎಂದೆ. ಇಂಥ ಹೊತ್ತಿನಲ್ಲಿ ನನ್ನ ಬಾಯಿಂದ ಬರುವ ಮಾತೆಲ್ಲ ಇದೇ ತೂಕದ್ದು.

"ಮುಗೀಲಿಲ್ಲ. ನೆಲಮಾಳಿಗೇಲಿ ಹದಿನೇಳು ಮೊಟ್ಟೆ ಐತೆ" ಎಂದ.

ದೇನಾಳ ತಂಗಿ ರಾದಾ ಕೇಳಿದ್ದಳೆಂದು ಆ ವಾರವೆಲ್ಲ ಕೂಡಿಸಿಟ್ಟಿದ್ದ ಮೊಟ್ಟೆಗಳು ಅವು. ತೊಳೆಯದೆ, ತಂಪಿನಲ್ಲಿಟ್ಟು, ದಿನಕ್ಕೆರಡು ಸಲ ಮಗ್ಗುಲು ತಿರುಗಿಸುತ್ತಿದ್ದ. ದೇನಾಳ ಕೋಳಿಗಳು ಇನ್ನು ಬದುಕಿದ್ದರೆ ಆ ಚಿಪ್ಪುಗಳೊಳಗೆ ಮಾತ್ರ. ಆದರೆ ಕಾವು ಕೂರುವವರು ಯಾರು? ನಮ್ಮೂರಿನ ಕೋಳಿಗಳೆಲ್ಲ ಫಾರಂನಿಂದ ತಂದ ಕಂದು ಕೋಳಿಗಳು. ಮೊಟ್ಟೆ ಇಟ್ಟು, ಎದ್ದು, ತಿರುಗಿಯೂ ನೋಡದೆ ಹೋಗುವ ಜಾತಿ.

"ನಮ್ಮನೇಲಿ ಕಾವಿನ ಯಂತ್ರ ಇದೆಯಲ್ಲ" ಎಂದು ನಾನು ನೆನಪಿಸಿದೆ.

"ಹೋದ ವರ್ಷ ಅದರಲ್ಲಿ ಏನು ಹುಟ್ಟಿತು ಹೇಳು?"

"ಏನೂ ಹುಟ್ಟಲಿಲ್ಲ."

"ವಾಸನೆ ಹುಟ್ಟಿತು. ನಿನ್ನ ಹೆಂಡತಿ ಮೂರು ದಿನ ತವರಿಗೆ ಹೋಗಿದ್ಳು. ಸುಮ್ನಿರು."

ರಾದಾಳ ಊರು ಟರ್ನೊವೊ ರಸ್ತೆಯಲ್ಲಿ, ಬಸ್ಸಿನಲ್ಲಿ ಅರ್ಧ ದಿನದ ಹಾದಿ. ಅವಳ ಹಳೇ ಕೋಳಿಯೊಂದು ಆಗಲೇ ಖಾಲಿ ಗೂಡಿನಲ್ಲಿ ನಕಲಿಗಿಟ್ಟ ಪಿಂಗಾಣಿ ಮೊಟ್ಟೆಯ ಮೇಲೆ ಕಾವು ಕೂತಿತ್ತು, ಕೈ ಹಾಕಿದವರನ್ನು ಕುಕ್ಕುತ್ತಿತ್ತು. ಗೆಂಚೊ ತಾನೇ ಒಯ್ಯಬಹುದಿತ್ತು, ಆದರೆ ಬಸ್ಸು ಹತ್ತಿದರೆ ಎರಡನೇ ತಿರುವಿನಲ್ಲೇ ಅವನಿಗೆ ವಾಂತಿ. ನನ್ನ ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದೆ. ಆ ಕಾರಿನಲ್ಲಿ ಹೋದ ಮೊಟ್ಟೆ ಆಮ್ಲೆಟ್ಟಾಗಿ ಇಳಿಯುತ್ತದೆ ಎಂದ. ಆ ಕಾರಿನ ಬಗ್ಗೆ ನನ್ನ ಹೆಂಡತಿಯ ಅಭಿಪ್ರಾಯವೂ ಅದೇ.

ಹಾಗಾಗಿ ಬುಧವಾರ ಬೆಳಿಗ್ಗೆ ಅವನು ಪೆಟ್ಟಿಗೆ ಕಟ್ಟಲು ಕೂತ. ಮೊದಲು ನಮ್ಮ ಮನೆಯಿಂದ ಕಂದು ಮೊಟ್ಟೆಗಳನ್ನು ಎರವಲು ತಂದು, ಅವನ್ನು ಕಟ್ಟಿ, ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಂದ ಉರುಳಿಸಿ ನೋಡಿದ. ಒಂದೂ ಒಡೆಯದಿದ್ದಾಗ ನಿಜವಾದವನ್ನು ತಂದ. ತಳಕ್ಕೆ ಹಳೇ ಹಾಸಿಗೆಯ ಕುರಿ ಉಣ್ಣೆ. ಒಂದೊಂದು ಮೊಟ್ಟೆಗೂ ಪತ್ರಿಕೆಯ ಹಾಳೆ. ಅದರಲ್ಲಿ ನನ್ನ ಅಂಕಣದ ಪುಟಗಳೂ ಇದ್ದವು. ನನ್ನ ಬರಹವನ್ನು ಅಷ್ಟು ಜೋಪಾನವಾಗಿ ಹಿಡಿದವರನ್ನು ನಾನು ಮತ್ತೆ ಕಂಡಿಲ್ಲ. ಚೂಪು ತುದಿ ಕೆಳಗೆ, ಮೊಂಡು ತುದಿ ಮೇಲೆ. ಒಳಗಿನ ಗಾಳಿಗುಳ್ಳೆ ಮೇಲಕ್ಕಿರಬೇಕು. ಸಂದುಗಳಿಗೆ ಮರದ ಹೊಟ್ಟು, ಪಕ್ಕಕ್ಕೆ ಉಸಿರಾಡಲು ತೂತು. ಮುಚ್ಚಿದ ಮೇಲೆ ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಏನೋ ಕೇಳಿಸಿತೆಂದು ಬಿಚ್ಚಿ ಮತ್ತೆ ಕಟ್ಟಿದ.

ಬಸ್ಸಿನ ಡ್ರೈವರ್ ಪ್ಲಾಮೆನ್ ಊರವರ ಗಂಟುಗಳನ್ನೆಲ್ಲ ಒಯ್ಯುವವನು. ಅವನು ಡಿಕ್ಕಿಯ ಬಾಗಿಲು ತೆಗೆದ.

"ಅಲ್ಲಿ ಬೇಡ. ಎಂಜಿನ್ ಮೇಲೂ ಬೇಡ, ಬೆಂದು ಹೋಗ್ತವೆ. ಸೀಟಿನ ಮೇಲಿಡು" ಎಂದ ಗೆಂಚೊ.

"ಸೀಟಿಗೆ ಟಿಕೆಟ್ ಆಗ್ತದೆ ಗೆಂಚಣ್ಣ."

"ಕೊಡು."

"ತಮಾಷೆಗೆ ಅಂದೆ ಮಾರಾಯ."

"ನಾನು ತಮಾಷೆಗೆ ಕೇಳಲಿಲ್ಲ. ಕೊಡು."

ಪ್ಲಾಮೆನ್ ಟಿಕೆಟ್ ಹರಿದ. "ಒಳಗೆ ಎಷ್ಟು ಜನ?"

"ಹದಿನೇಳು."

"ಒಂದೇ ಟಿಕೆಟ್ಟಲ್ಲಿ ಹದಿನೇಳು ಜನಾನಾ?"

"ಇನ್ನೂ ಹುಟ್ಟಿಲ್ಲ, ಬಿಡು."

ಬಸ್ಸು ಹೊರಟ ಮೇಲೆ ಅವನು ನಕ್ಕ. ನರಿ ಬಂದ ಮೇಲೆ ಅವನು ನಕ್ಕಿದ್ದು ಅದೊಂದೇ ಸಲ.

ಸಂಜೆ ರಾದಾ ಫೋನು ಮಾಡಿದಳು. "ಬಂತು ಭಾವ. ಬಿಚ್ಚಿ ನೋಡಿದೆ, ಒಂದೂ ಬಿರುಕಿಲ್ಲ. ಈಗಲೇ ಕೋಳಿ ಕೆಳಗೆ ಇಡ್ಲಾ?"

"ಬೇಡಮ್ಮ. ದಾರೀಲಿ ಒಳಗೆಲ್ಲ ಕದಡಿರುತ್ತೆ. ಒಂದು ದಿನ ತಂಪು ಕಡೆ ಸುಮ್ನೆ ಬಿಡು, ನೆಲೆ ನಿಲ್ಲಲಿ. ನಾಳೆ ಸಂಜೆ ಕತ್ತಲಾದ ಮೇಲೆ ಇಡು, ಕೋಳಿಗೂ ಗೊತ್ತಾಗಬಾರದು."

ರಾದಾ ಅವನು ಹೇಳಿದ ಹಾಗೇ ಮಾಡಿದಳು. ಪೆಟ್ಟಿಗೆಯನ್ನು ಉಗ್ರಾಣದ ತಂಪಿನಲ್ಲಿಟ್ಟು ಮಲಗಿದಳು. ಮಾರನೆಯ ದಿನ ಈಸ್ಟರ್ ವಾರದ ಗುರುವಾರ. ರಾದಾ ಕೆಲಸ ಮಾಡುವುದು ಬೇಕರಿಯಲ್ಲಿ. ಹಬ್ಬದ ಸಿಹಿ ಬ್ರೆಡ್ಡಿನ ಕೆಲಸ ರಾಶಿಯಾಗಿದ್ದರಿಂದ ಕೋಳಿ ಕೂಗುವ ಮೊದಲೇ ಎದ್ದು ಹೋದಳು. ಮನೆಯಲ್ಲಿ ಉಳಿದವಳು ಅವಳ ಅತ್ತೆ ಮಿಂಕಾ ಅಜ್ಜಿ. ಕಿವಿ ಕೇಳದು, ಕಣ್ಣು ಮಾತ್ರ ಚುರುಕು. ಆ ಗುರುವಾರ ಬೆಳಿಗ್ಗೆ ನಮ್ಮಲ್ಲಿ ಯಾವ ಮನೆಯ ಅಜ್ಜಿಯಾದರೂ ಮಾಡುವುದು ಒಂದೇ ಕೆಲಸ: ಮೊಟ್ಟೆ ಬೇಯಿಸಿ ಕೆಂಪು ಬಣ್ಣ ಹಾಕುವುದು. ಮೊದಲ ಕೆಂಪು ಮೊಟ್ಟೆಯಿಂದ ಮಕ್ಕಳ ಕೆನ್ನೆ ಸವರಿ, ಅದನ್ನು ದೇವರ ಪಟದ ಮುಂದೆ ಇಡಬೇಕು. ಮನೆಯ ಕಂದು ಮೊಟ್ಟೆಗಳ ಮೇಲೆ ಬಣ್ಣ ಕೆಸರಿನ ಹಾಗೆ ಕೂರುತ್ತದೆಂದು ಮಿಂಕಾ ಅಜ್ಜಿ ವರ್ಷ ವರ್ಷವೂ ಗೊಣಗುತ್ತಿದ್ದಳು. ಉಗ್ರಾಣದ ಬಾಗಿಲು ತೆರೆದರೆ ಹಾಲಿನಂಥ ಮೊಟ್ಟೆಗಳು. ಅದೂ ಒಂದೊಂದನ್ನೂ ಮಗುವಿನ ಹಾಗೆ ಸುತ್ತಿ ಕಳಿಸಿದ್ದಾರೆ. ಹಬ್ಬಕ್ಕಲ್ಲದೆ ಇನ್ನೇತಕ್ಕೆ?

ಹದಿನೇಳೂ ಬೆಂದವು.

ಸಂಜೆ ಕತ್ತಲಲ್ಲಿ ಉಗ್ರಾಣಕ್ಕೆ ಹೋದ ರಾದಾಳಿಗೆ ಸಿಕ್ಕಿದ್ದು ಉಣ್ಣೆ ಮಾತ್ರ. ಗೆಂಚೊನಿಗೆ ಫೋನು ಮಾಡಲು ಅವಳಿಗೆ ಧೈರ್ಯ ಬರಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆದ ಮೇಲೆ ಹೇಳೋಣ ಎಂದುಕೊಂಡಳು. ಅತ್ತೆಗೂ ಹೇಳಲಿಲ್ಲ. ಮುದುಕಿಗೆ ಏನೂ ತಿಳಿಯದಿದ್ದುದರಿಂದ, ಅವಳು ಶುಕ್ರವಾರ ತನ್ನ ಪಾಡಿಗೆ ಇನ್ನೊಂದು ಕೆಲಸ ಮಾಡಿದಳು.

ಶನಿವಾರ ಪ್ಲಾಮೆನ್ ಬಸ್ಸು ನಿಲ್ಲಿಸಿ ಹಾರ್ನು ಹೊಡೆದ. "ಗೆಂಚಣ್ಣ, ನಿನ್ನ ಪ್ರಯಾಣಿಕರಲ್ಲಿ ಅರ್ಧ ಜನ ವಾಪಸ್ ಬಂದವ್ರೆ. ಅಜ್ಜಿ ಟಿಕೆಟ್ ತಗೊಳ್ಲಿಲ್ಲ, ಮುತ್ತು ಕೊಟ್ಟು ಕಳಿಸಿದ್ಳು."

ಅದೇ ಪೆಟ್ಟಿಗೆ. ಗೆಂಚೊ ಅಂಗಳದ ಮೇಜಿನ ಮೇಲಿಟ್ಟು ದಾರ ಬಿಚ್ಚಿದ. ಪ್ಲಾಮೆನ್ ಎಂದಿನಂತೆ ತಮಾಷೆ ಮಾಡುತ್ತಿದ್ದಾನೆ, ರಾದಾ ಏನೋ ತಿಂಡಿ ಕಳಿಸಿದ್ದಾಳೆ ಎಂದೇ ನಾವಿಬ್ಬರೂ ತಿಳಿದದ್ದು. ಅವನ ಉಣ್ಣೆ, ಅವನ ಹೊಟ್ಟು, ಅವನ ಪತ್ರಿಕೆ. ಮೊದಲ ಹಾಳೆ ಬಿಡಿಸಿದಾಗ ಕೆಂಪು ಕಂಡಿತು. ಎರಡನೆಯದೂ ಕೆಂಪು. ಅವನು ಎಲ್ಲ ಎಂಟನ್ನೂ ಬಿಡಿಸಿ ಸಾಲಾಗಿ ಇಟ್ಟ. ಒಂದನ್ನು ಎತ್ತಿ ಮೇಜಿನ ಮೇಲೆ ಬುಗುರಿಯ ಹಾಗೆ ತಿರುಗಿಸಿದ. ಹಸಿ ಮೊಟ್ಟೆ ತಡವರಿಸುತ್ತದೆ, ಬೆಂದದ್ದು ಸಲೀಸಾಗಿ ಸುತ್ತುತ್ತದೆ. ಅದು ಬಹಳ ಹೊತ್ತು ಸುತ್ತಿತು.

ನಾನು ಬದುಕಿನಲ್ಲಿ ತಮಾಷೆ ಬರೆದೇ ಅನ್ನ ತಿಂದವನು. ಅಲ್ಲಿ ನನಗೆ ಕುರ್ಚಿಯಿಂದ ಏಳುವುದು ಹೇಗೆಂದು ಕೂಡ ತೋಚಲಿಲ್ಲ.

ಅವನು ಫೋನು ಹಚ್ಚಿದ. ಎತ್ತಿಕೊಂಡವಳು ಮಿಂಕಾ ಅಜ್ಜಿ. ಕಿವಿ ಕೇಳದವರ ಫೋನು ಬೀದಿಗೆಲ್ಲ ಕೇಳಿಸುತ್ತದೆ.

"ಬಂತಾ ಮಗಾ? ಬಣ್ಣ ಹೆಂಗೆ ಹಿಡಿದಿದೆ ನೋಡಿದ್ಯಾ? ಎಪ್ಪತ್ತು ವರ್ಷದಿಂದ ಬಣ್ಣ ಹಾಕ್ತಿದೀನಿ, ಇಂಥ ಕೆಂಪು ಬಂದೇ ಇರ್ಲಿಲ್ಲ. ನೀನು ಎಷ್ಟು ಚೆನ್ನಾಗಿ ಕಟ್ಟಿದ್ದೆ ಅಂದ್ರೆ ಒಂದೂ ಸೀಳಿರ್ಲಿಲ್ಲ. ಹೆಂಡತಿ ಇಲ್ದೆ ಇರೋನು, ನಿಂಗೆ ಯಾರು ಬಣ್ಣ ಹಾಕಿ ಕೊಡ್ತಾರೆ ಅಂತ ಕಳಿಸ್ದೆ."

ಗೆಂಚೊ ಗಟ್ಟಿಯಾಗಿ, ಅವಳಿಗೆ ಕೇಳಿಸುವಂತೆ ಹೇಳಿದ: "ಚೆನ್ನಾಗಿ ಹಿಡಿದಿದೆ ಅಜ್ಜಿ. ಕೈ ಗುಣ ನಿಮ್ಮದು."

ರಾದಾ ಫೋನು ಕಿತ್ತುಕೊಂಡಳೆಂದು ಕಾಣುತ್ತದೆ. ಅಳು ಕೇಳಿಸಿತು.

"ಭಾವ, ನಾನು..."

"ಅಳಬೇಡಮ್ಮ. ಒಂದು ದಿನ ಬಿಡು ಅಂದೋನು ನಾನೇ. ಅಜ್ಜಿಗೆ ಹೇಳಬೇಡ, ಹಬ್ಬ ಹಾಳಾಗುತ್ತೆ. ಆ ಕೋಳಿ ಇನ್ನೂ ಕೂತಿದ್ಯಾ?"

"ಕೂತಿದೆ."

"ಅಕ್ಕಪಕ್ಕದೋರ ಹತ್ರ ಯಾವುದಾದ್ರೂ ಮೊಟ್ಟೆ ತಂದು ಇಡು. ಪಾಪ, ಖಾಲಿ ಕೂರಿಸಬಾರದು."

ಭಾನುವಾರ ಮಧ್ಯಾಹ್ನ ಅವನು ಎಂಟೂ ಮೊಟ್ಟೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಊಟಕ್ಕೆ ಬಂದ. ಬರಲಾರ ಎಂದುಕೊಂಡಿದ್ದೆವು. ನನ್ನ ಹೆಂಡತಿ ತಟ್ಟೆಯನ್ನು ನೋಡದೆ ಕುರಿ ಮಾಂಸ ಬಡಿಸಿದಳು. ಹಬ್ಬದ ದಿನ ಮೊಟ್ಟೆಗೆ ಮೊಟ್ಟೆ ಕುಟ್ಟಿ ಆಡದೆ ಇರಲಾಗುವುದಿಲ್ಲ. ನಮ್ಮ ಕಂದು ಮೊಟ್ಟೆಗಳೆಲ್ಲ ಅವನ ಒಂದೇ ಮೊಟ್ಟೆಗೆ ತಲೆ ಒಡೆದುಕೊಂಡವು.

"ಚಿಪ್ಪು ಗಟ್ಟಿ ಇರಲಿ ಅಂತ ಚಳಿಗಾಲವೆಲ್ಲ ಸುಣ್ಣದ ಪುಡಿ ತಿನ್ನಿಸಿದ್ದೆ" ಎಂದ.

"ಗೆದ್ದ ಮೊಟ್ಟೆ ಗೆಂಚಣ್ಣ, ವರ್ಷಪೂರ್ತಿ ಇಟ್ಕೊಬೇಕು" ಎಂದಳು ನನ್ನ ಹೆಂಡತಿ. ಪದ್ಧತಿ ಹಾಗೇ ಇದೆ, ಅವಳಿಗೆ ಬೇರೇನೂ ಹೊಳೆಯಲಿಲ್ಲ.

"ಇಟ್ಕೊಂಡು ಏನ್ಮಾಡ್ಲಿ?"

ಅವನು ಅದನ್ನು ಮೇಜಿನ ಅಂಚಿಗೆ ಕುಟ್ಟಿದ. ಎರಡು ಸಲ ಕುಟ್ಟಬೇಕಾಯಿತು. ಕೆಂಪು ಚೂರುಗಳನ್ನು ಒಂದೂ ಕೆಳಗೆ ಬೀಳದಂತೆ ಅಂಗೈಯಲ್ಲಿ ಕೂಡಿಸಿಕೊಂಡ. ಮೊಟ್ಟೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿ, ಹಳದಿಯನ್ನು ಒಂದು ಗಳಿಗೆ ನೋಡಿ, ಒಂದು ಹೋಳನ್ನು ನನ್ನ ತಟ್ಟೆಗಿಟ್ಟ. ಬೇಡ ಎನ್ನಲು ಬಾಯಿ ತೆರೆದವನು ಅವನ ಮುಖ ನೋಡಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಉಪ್ಪು ಕೊಡು" ಎಂದ.

ಕೊಟ್ಟೆ. ಇಬ್ಬರೂ ತಿಂದೆವು.