ಚೀನಾ ಸೀರಿಯಲ್ಲಿನ ಅಮ್ಮ

ತೊಂಬತ್ತರ ದಶಕದ ಮಾತು. ಕೆ.ಆರ್. ಪೇಟೆಯ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿದಾಗ ಒಂದು ಟ್ರಂಕು, ಒಂದು ಸ್ಟವ್ ಹಿಡಿದು ಅರಕೆರೆಯಿಂದ ಬಂದೆ. ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಸಂಜೆ ಬಾಡಿಗೆ ರೂಮಿನ ಬೀಗ ತೆಗೆದರೆ ಮಾರನೇ ಬೆಳಿಗ್ಗೆವರೆಗೆ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

ಮುಂದಿನ ಮನೆಯ ಓನರಮ್ಮ ಬಟ್ಟೆ ಹೊಲಿಯುತ್ತಿದ್ದರು. ಮುಸ್ಲಿಮರಾದ ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಆಗಷ್ಟೇ ಊರಿಗೆ ಕೇಬಲ್ ಬಂದಿತ್ತು. ಕೇಬಲ್‌ನವನ ಡಿಶ್‌ಗೆ ಅದು ಹೇಗೋ ಒಂದು ಚೀನಾ ಚಾನೆಲ್ಲೂ ಸಿಕ್ಕಿತ್ತು. ಸಂಜೆ ಆರಕ್ಕೆ ಖಾಲಾರ ಟಿವಿಯಲ್ಲಿ ಸೀರಿಯಲ್. ಒಂದಕ್ಷರ ಅರ್ಥವಾಗದಿದ್ದರೂ ಬೀದಿಯ ಹೆಂಗಸರು ಅದರ ಹಿಂದೆ ಬಿದ್ದಿದ್ದರು. ನಾಯಕಿಯ ಹಾಗೆ ಅಗಲ ತೋಳಿಡಿ ಎಂದು ಕಾಲೇಜು ಹುಡುಗಿಯರು ಚೂಡಿದಾರ್ ಬಟ್ಟೆ ತಂದುಕೊಡುತ್ತಿದ್ದರು. ಖಾಲಾ ಮಿಷನ್ ತುಳಿಯುತ್ತಲೇ ನಮಗೆಲ್ಲ ಕಥೆ ಬಿಡಿಸಿ ಹೇಳುವರು: ಇವನು ಕೆಟ್ಟವನು, ಅವಳು ಅವನ ತಂಗಿ. ಹೌದೋ ಅಲ್ಲವೋ ಯಾರಿಗೆ ಗೊತ್ತು!

ನನಗೆ ಬೇಕಾಗಿದ್ದವಳು ನಾಯಕಿಯಲ್ಲ, ಅವಳ ತಾಯಿ. ಮಗಳು ಎಲ್ಲಿಗೆ ಹೋದರೂ ಆಕೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು, ಬಂದ ಕೂಡಲೇ ಬಟ್ಟಲು ತುಂಬ ಅನ್ನ ಹಾಕಿಕೊಡುತ್ತಿದ್ದಳು. ಆಕೆಯನ್ನು ನೋಡಲೆಂದೇ ಕಚೇರಿಯಿಂದ ಓಡಿ ಬರುತ್ತಿದ್ದೆ. ಖಾಲಾಗೆ ಹಾಗಂತ ಹೇಳಿಯೂ ಇದ್ದೆ.

ಅಮ್ಮನ ವರ್ಷದ ತಿಥಿಗೆ ಊರಿಗೆ ಹೋದವಳು ನಾಲ್ಕು ದಿನ ಬಿಟ್ಟು ಬಂದೆ. ಅಣ್ಣಂದಿರ ಮನೆಯ ಗದ್ದಲದಲ್ಲಿ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ. ಬಂದ ಸಂಜೆ ನೋಡಿದರೆ ಸೀರಿಯಲ್ಲಿನ ಮನೆಯವರೆಲ್ಲ ಬಿಳಿ ಬಟ್ಟೆ ತೊಟ್ಟಿದ್ದಾರೆ, ತಾಯಿ ಮಾತ್ರ ಕಾಣಲಿಲ್ಲ.

"ಎಲ್ಲಿ ಖಾಲಾ ಆಯಮ್ಮ?"

"ಹಜ್‌ಗೆ ಹೋಗವ್ರೆ ಬೇಟಿ. ಕಳಿಸ್ಕೊಡೋಕೆ ಎಲ್ರೂ ಬಿಳೀದು ಹಾಕವ್ರೆ, ನೋಡು."

"ಚೀನಾದೋರು ಹಜ್‌ಗೆ ಹೋಗ್ತಾರಾ?"

"ಯಾಕೆ, ಅಲ್ಲಿ ನಮ್ಮೋರು ಇಲ್ವಾ?"

ನಂಬಿದೆ. ಹಜ್ ವಿಷಯ ನನಗಿಂತ ಅವರಿಗೆ ಗೊತ್ತಲ್ಲ. ದಿನವೂ "ಬಂದ್ರಾ?" ಎಂದು ಕೇಳುವೆ. "ದೂರ ಅಲ್ವಾ, ಬತ್ತಾರೆ ಬುಡು" ಎನ್ನುವರು.

ಎರಡು ವಾರವಾದ ಮೇಲೆ ಒಂದು ಸಂಜೆ, ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಖಾಲಾರ ಸೊಸೆ ನನ್ನನ್ನು ನೋಡಿ ನಕ್ಕಳು.

"ಎಲ್ಲಿ ಹಜ್ಜು? ನೀವು ಊರ್ಗೋದಾಗ್ಲೇ ಆಯಮ್ಮ ಸತ್ತೋಯ್ತು. ಪೆಟ್ಟಿಗೇಲಿ ಮಡಗಿ ಹೊತ್ಕೊಂಡೋದ್ರು. ನಮ್ಮತ್ತೆನೂ ನೋಡವ್ರೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ಮನೆಯಲ್ಲಿ ಎಲ್ಲರೂ ಸೇರಿ ನನ್ನನ್ನು ಆಡಿಕೊಂಡು ನಗುತ್ತಿದ್ದಾರೆ ಅನ್ನಿಸಿತು. ನನ್ನದು ಅಂತ ಇದ್ದ ಒಂದು ಮನೆಯೂ ತಪ್ಪಿತಲ್ಲ ಅಂದುಕೊಂಡೆ. ಸೀದಾ ಒಳಗೆ ಹೋದೆ. ಸೀರಿಯಲ್ ನಡೆಯುತ್ತಿತ್ತು.

"ಯಾಕೆ ಸುಳ್ಳು ಹೇಳುದ್ರಿ ಖಾಲಾ? ನಾನೇನು ಹಾಲು ಕುಡಿಯೋ ಮಗುವಾ?"

ಖಾಲಾ ಮಿಷನ್ ನಿಲ್ಲಿಸಿದರು.

"ನೀನು ಅಮ್ಮನ ತಿಥಿ ಮುಗಿಸ್ಕಂಡು ಅವತ್ತೇ ಬಸ್ ಇಳ್ದು ಬಂದಿದ್ದೆ. ಈ ಅಮ್ಮಾನೂ ಹೋಗ್ಬುಟ್ಳು ಅಂತ ಯಾವ ಬಾಯಲ್ಲಿ ಹೇಳ್ಲಿ ಬೇಟಿ?"

ಊರಲ್ಲಿ ಬಾರದ ಅಳು ಆಗ ಬಂತು. ಕತ್ತರಿಸಿ ಬಿದ್ದಿದ್ದ ಬಟ್ಟೆ ಚೂರುಗಳ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಖಾಲಾ ಎದ್ದು ಹೋಗಿ, ನನ್ನ ಅಳು ಹೊರಗಿದ್ದ ಸೊಸೆಗೆ ಕೇಳಿಸದ ಹಾಗೆ, ಟಿವಿಯ ಸೌಂಡು ಜೋರು ಮಾಡಿದರು.