ಈಗ್ಬಂದೆ

ಅತಿತ್ಲಾನ್ ಸರೋವರದ ದಂಡೆಯ ಒತಿಲಿಯಾ, ಊರಿನ ಅಂಗವಿಕಲ ಮಕ್ಕಳ ಶಾಲೆಗೆ ಸೇವೆಗೆಂದು ಬರುವ ಪರದೇಶದ ಹುಡುಗಿಯರನ್ನು ಹನ್ನೆರಡು ವರ್ಷ ಮನೆಯಲ್ಲಿಟ್ಟುಕೊಂಡು ಸಾಕಿದವಳು. ಅವರು ಜೋಳದ ರೊಟ್ಟಿ ತೊರ್ತಿಯಾ ಸುಟ್ಟು ಕರಿ ಮಾಡಿದರೂ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅವಳ ಕಟ್ಟಳೆ ಒಂದೇ: ಆ ಶಾಲೆಯ ಚೋನಿತಾಳಿಗೆ "ಈಗ್ಬಂದೆ" ಅನ್ನಕೂಡದು. ಸಂತೆಗೆ ಹೊರಟವರೂ ಊರನ್ನೇ ಬಿಟ್ಟವರೂ ಅಲ್ಲಿ ಅನ್ನುವುದು ಅದನ್ನೇ, ಯಾರೂ ನಂಬುವುದಿಲ್ಲ. ಊರುಗೋಲು ಹಿಡಿದು ನಡೆಯುವ ಹದಿಮೂರರ ಚೋನಿತಾ ಮಾತ್ರ ನಂಬುತ್ತಾಳೆ. ಹೋದ ವರ್ಷ ಒಬ್ಬಳು ಹಾಗಂದು ಹೋದಾಗ ಇವಳು ಒಂಬತ್ತು ದಿನ ದೋಣಿಕಟ್ಟೆ ಬಿಟ್ಟು ಕದಲಿರಲಿಲ್ಲ.

ಇವತ್ತು ಹಾಲೆಂಡಿನ ಮಾರ್ಟ್ಯೆ ಸೇವೆ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದಳು. ಅವಳು ದೋಣಿ ಹತ್ತಿದ ಮೇಲೆ ಒತಿಲಿಯಾ ಕೇಳಿದಳು, "ಚೋನಿತಾಗೆ ಏನಂದ್ಯೇ?"

"ತುಂಬಾ ಅಳ್ತಿದ್ಲು ದೋನ್ಯಾ ಒತಿಲಿಯಾ. ಈಗ್ಬಂದೆ ಅಂದ್ಬಿಟ್ಟೆ. ಒಂದು ಮಾತು ತಾನೆ?"

"ನಿನ್ನ ಬಾಯಿಗೆ ಮಣ್ಣು ಹಾಕ! ಇಷ್ಟು ದಿನ ನಾನು ಬಡ್ಕೊಂಡಿದ್ದು ಯಾರಿಗೆ?"

ದೋಣಿ ಹೊರಟುಹೋಯಿತು. ಒತಿಲಿಯಾ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಶಾಲೆಗೆ ಹೋದಳು. ಚೋನಿತಾಳ ಕುರ್ಚಿ ಖಾಲಿಯಿತ್ತು. ಅಷ್ಟರಲ್ಲಿ ಮಧ್ಯಾಹ್ನದ ಗಾಳಿ ಎದ್ದಿತ್ತು. ಆ ಗಾಳಿಗೆ ದೊಡ್ಡ ದೋಣಿಗಳೂ ಹೆದರಿ ದಡ ಸೇರುತ್ತವೆ. ಅವಳು ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದಳು. ಕಟ್ಟೆಯ ತುದಿಯಲ್ಲಿ ಊರುಗೋಲು ಬಿದ್ದಿತ್ತು. ಗೂಟಕ್ಕೆ ಕಟ್ಟಿದ್ದ ಮೀನುಗಾರನ ಪುಟ್ಟ ದೋಣಿ ಇರಲಿಲ್ಲ.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಫೆಲಿಪಾ ತಲೆಯೆತ್ತಿದಳು. "ಚೋನಿತಾನಾ? ನೀನು ಗುಡ್ಡ ಹತ್ತೋವಾಗ್ಲೇ ಆ ಕಡೆ ದಾರೀಲಿ ಬಂದು ದೋಣಿ ಬಿಚ್ಚಿದ್ಲಲ್ಲ. ಎಲ್ಲಿಗೇ ಅಂತ ಕೇಳಿದ್ರೆ, ನಗ್ತಾ ಈಗ್ಬಂದೆ ಅಂದ್ಲು."